ಕೈ ಕಾಣದ ಕಛೇರಿ

ಕನ್ನಡದಲ್ಲಿ ನಾವು ಕಛೇರಿಯನ್ನು ಕೇಳಲು ಹೋಗುತ್ತೇವೆ, ಆಟವನ್ನು ನೋಡಲು ಹೋಗುತ್ತೇವೆ. ಚೌಡಯ್ಯನವರ ಪಿಟೀಲಿಗೆ ಕಿವಿಗೊಟ್ಟ ಹಿರಿಯರು 'ಕೇಳಿದೆ' ಎಂದು ಹೇಳುತ್ತಿದ್ದರೇ ಹೊರತು 'ನೋಡಿದೆ' ಎಂದು ಹೇಳುತ್ತಿರಲಿಲ್ಲ. ಆದರೂ ಕಛೇರಿಗೆ ಹೋಗುವವರಾರೂ ಕಣ್ಣನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲವಷ್ಟೆ. ಕಮಾನು ತಂತಿಯ ಮೇಲೆ ಓಡುವುದು, ಮೃದಂಗದ ಮೇಲೆ ಬೆರಳುಗಳು ಕುಣಿಯುವುದು, ತನಿ ಆವರ್ತನ ಮುಗಿದಾಗ ಗಾಯಕರೂ ಪಕ್ಕವಾದ್ಯದವರೂ ಪರಸ್ಪರ ಮುಖ ನೋಡಿ ನಗುವುದು, ಇವೆಲ್ಲವೂ ಕೇಳುವುದರಲ್ಲೇ ಸೇರಿಹೋಗಿವೆ. ನಾದ ಯಾವ ಕೈಯಿಂದ ಹುಟ್ಟುತ್ತಿದೆಯೋ ಆ ಕೈ ಕಣ್ಣಿಗೆ ಕಾಣುತ್ತಿದ್ದರೆ ಕಿವಿಗೆ ಒಂದು ನೆಮ್ಮದಿ. ಹಾಗಿರುವಾಗ, ಕೈಯೇ ಕಾಣದ ಕಛೇರಿಯಿದ್ದರೆ ಅದನ್ನು ಕೇಳಬೇಕೋ, ನೋಡಬೇಕೋ? ಅಷ್ಟು ದೂರ ಹೋಗಬೇಕಾದುದಾದರೂ ಏತಕ್ಕೆ?

ಈ ಪ್ರಶ್ನೆಯನ್ನು ನನಗೆ ಹಾಕಿದವರು ನಮ್ಮ ಕಾಲೇಜಿನ ಹಿರಿಯ ಸಹೋದ್ಯೋಗಿಗಳೊಬ್ಬರು, ವೀಣೆಯನ್ನು ಬಲ್ಲವರು. ೨೦೧೭ರಲ್ಲಿ ಜರ್ಮನಿಗೆ ಹೋಗಿದ್ದಾಗ ನನಗೆ ಬಹುಕಾಲದಿಂದ ಪ್ರಿಯವಾದ ಕ್ರಾಫ್ಟ್‌ವರ್ಕ್ ಎಂಬ ಮೇಳವನ್ನು ಪ್ರತ್ಯಕ್ಷವಾಗಿ ಕಂಡುಬಂದೆನೆಂದು ಅವರೊಡನೆ ಹೇಳಿಕೊಂಡೆ. “ನುಡಿಸೋದು ಯಂತ್ರ ಅಂತೀರಿ. ಹಾಗಾದರೆ ಅಲ್ಲಿ ನಿಂತವರು ಮಾಡೋದೇನು ಸ್ವಾಮಿ? ಧ್ವನಿಮುದ್ರಿಕೆ ನಿಮ್ಮ ಮನೇಲೇ ಇತ್ತಲ್ಲ!” ಎಂದರು. ಕುಹಕವಿಲ್ಲದ, ನ್ಯಾಯವಾದ ಪ್ರಶ್ನೆ. ನಿಜವಾಗಿ ನೋಡಿದರೆ ಆ ಮೇಳದವರೇ ಅರ್ಧ ಶತಮಾನದಿಂದ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳುತ್ತ ಬಂದಿದ್ದಾರೆ. ಅವರ ವೇದಿಕೆಯ ಇತಿಹಾಸವೆಂದರೆ ಇದಕ್ಕೆ ಅವರು ಕೊಟ್ಟ ಬೇರೆ ಬೇರೆ ಉತ್ತರಗಳ ಇತಿಹಾಸವೆ. ಆ ಉತ್ತರಗಳನ್ನು ಒಂದೊಂದಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಕ್ರಾಫ್ಟ್‌ವರ್ಕ್ ಎಂದರೆ ಜರ್ಮನ್ ಭಾಷೆಯಲ್ಲಿ ವಿದ್ಯುದಾಗಾರ, ನಮ್ಮ ಜನ 'ಪವರ್ ಹೌಸ್' ಎಂದು ಕರೆಯುವ ಜಾಗ. ನಮ್ಮ ಶಿವನಸಮುದ್ರದ ಸ್ಥಾವರವನ್ನು ಜರ್ಮನರು ಹೆಸರಿಸುವುದಾದರೆ ಈ ಪದದಿಂದಲೇ ಹೆಸರಿಸಬೇಕು. ಗಾನಮಂಡಲಿಗೆ ಇಂಥ ಹೆಸರನ್ನಿಟ್ಟುಕೊಂಡವರ ಮನಸ್ಸು ಎತ್ತ ಕಡೆ ಹರಿದಿತ್ತೆಂಬುದನ್ನು ವಾಚಕರು ಊಹಿಸಬಹುದು.

ಕಲೋನಿನ ಬರಿಯ ವೇದಿಕೆ

ಕಥೆ ಅವರಿಗಿಂತ ಸ್ವಲ್ಪ ಹಿಂದಿನಿಂದ ಆರಂಭವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ನಗರಗಳು ನೆಲಸಮವಾದುವು. ಅವುಗಳ ಜೊತೆಗೆ ಹಲವು ನಂಬಿಕೆಗಳೂ ನೆಲಸಮವಾದುವು. ಹಳೆಯ ಹಾಡು, ಹಳೆಯ ಕವಾಯತಿನ ರಾಗ, ಹಳೆಯ ವೀರಗೀತೆ, ಇವನ್ನೆಲ್ಲ ನಾಜಿಗಳು ಬಳಸಿ ಮೈಲಿಗೆ ಮಾಡಿಬಿಟ್ಟಿದ್ದರು. ಹೊಸ ಪೀಳಿಗೆಗೆ ಹೊಸ ಧ್ವನಿಯೇ ಬೇಕಾಯಿತು. ೧೯೫೧ರಲ್ಲಿ ಕಲೋನ್ ನಗರದ ರೇಡಿಯೋ ನಿಲಯದಲ್ಲಿ ವಿದ್ಯುನ್ಮಾನ ಸಂಗೀತಕ್ಕಾಗಿಯೇ ಒಂದು ಕಾರ್ಯಾಗಾರ ಸ್ಥಾಪಿತವಾಯಿತು. ತಂತಿಯೂ ಇಲ್ಲದೆ, ಚರ್ಮವೂ ಇಲ್ಲದೆ, ಉಸಿರೂ ಇಲ್ಲದೆ, ವಿದ್ಯುತ್ತಿನ ಕಂಪನವನ್ನೇ ನಾದವಾಗಿ ಮಾಡಿ, ಅದನ್ನು ಕಾಂತಪಟ್ಟಿಯ ಮೇಲೆ ಹಿಡಿದು, ಕತ್ತರಿಸಿ, ಅಂಟಿಸಿ ಕೃತಿಗಳನ್ನು ರಚಿಸುವ ಕೆಲಸ ಅಲ್ಲಿ ನಡೆಯಿತು.

೧೯೫೬ರ ಮೇ ೩೦ರಂದು ಆ ನಿಲಯದ ಸಭಾಂಗಣದಲ್ಲಿ ಕಾರ್ಲ್‌ಹೈನ್ಸ್ ಷ್ಟೋಕ್‌ಹೌಸೆನ್ ತಮ್ಮ 'ಗೆಸಾಂಗ್ ಡೆರ್ ಯ್ಯೂಂಗ್‌ಲಿಂಗೆ' ಎಂಬ ಕೃತಿಯನ್ನು ಮೊದಲ ಬಾರಿಗೆ ಕೇಳಿಸಿದರು. ಹುಡುಗನೊಬ್ಬನ ಕಂಠವನ್ನೂ ವಿದ್ಯುತ್ತಿನ ನಾದವನ್ನೂ ಬೆಸೆದ ಕೃತಿ ಅದು. ನುಡಿಸುವವರು ಯಾರೂ ಇರಲಿಲ್ಲ. ಇದ್ದುದು ಧ್ವನಿವರ್ಧಕಗಳ ಐದು ಗುಂಪುಗಳು. ಜನ ಬಂದು ಕುಳಿತು, ಪೆಟ್ಟಿಗೆಗಳು ಹಾಡುವುದನ್ನು ಕೇಳಿದರು. ಕೈ ಕಾಣದ ಕಛೇರಿಯ ಒಂದು ತುದಿ ಇದು. ಕಲಾವಿದನ ಕೆಲಸವೆಲ್ಲ ಕಾರ್ಯಾಗಾರದಲ್ಲೇ ಮುಗಿದಿದೆ. ಸಭೆಗೆ ಬಂದಿರುವುದು ಅದರ ಫಲ ಮಾತ್ರ. ತರ್ಕಕ್ಕೆ ಇದು ಸರಿಯಾಗಿಯೇ ಇದೆ. ಆದರೆ ಚಪ್ಪಾಳೆಯನ್ನು ಯಾರ ಕಡೆಗೆ ತಿರುಗಿ ತಟ್ಟಬೇಕು?

ಕಲೋನಿಗೆ ನಲವತ್ತು ಕಿಲೋಮೀಟರಿನಷ್ಟು ದೂರದಲ್ಲಿ, ಅದೇ ರೈನ್ ನದಿಯ ದಂಡೆಯ ಮೇಲೆ ಡ್ಯುಸೆಲ್‌ಡಾರ್ಫ್ ನಗರವಿದೆ. ೧೯೪೬ರಲ್ಲಿ ಹುಟ್ಟಿದ ರಾಲ್ಫ್ ಹ್ಯೂಟರ್, ೧೯೪೭ರಲ್ಲಿ ಹುಟ್ಟಿದ ಫ್ಲೋರಿಯನ್ ಷ್ನೈಡರ್ ಎಂಬಿಬ್ಬರು ಸಂಗೀತದ ವಿದ್ಯಾರ್ಥಿಗಳಾಗಿದ್ದಾಗ ಪರಿಚಿತರಾಗಿ, ೧೯೭೦ರಲ್ಲಿ ಇಲ್ಲಿ ಈ ಮೇಳವನ್ನು ಕಟ್ಟಿದರು. ಷ್ನೈಡರ್ ಅವರ ತಂದೆ ಹೆಸರಾಂತ ವಾಸ್ತುಶಿಲ್ಪಿ; ಕಲೋನ್-ಬಾನ್ ವಿಮಾನನಿಲ್ದಾಣವನ್ನು ರೂಪಿಸಿದವರು. ಮಗ ಹಿಡಿದದ್ದು ಕೊಳಲು.

ಕೈ ಕಾಣುತ್ತಿದ್ದ ದಿನಗಳು

ಹೌದು, ಕೊಳಲು. ಯಂತ್ರಸಂಗೀತದ ಪಿತಾಮಹರೆಂದು ಇಂದು ಹೆಸರಾದವರ ಮೊದಲ ಕಛೇರಿಗಳಲ್ಲಿ ಕೊಳಲಿತ್ತು, ಪಿಟೀಲಿತ್ತು, ಆರ್ಗನ್ ಇತ್ತು, ಮೈಬೆವರಿಸಿ ಡ್ರಮ್ ಬಾರಿಸುವ ಆಳೂ ಇದ್ದ. ೧೯೭೦ರಲ್ಲಿ ಸೋಯೆಸ್ಟ್ ಎಂಬ ಊರಿನಲ್ಲಿ ನಡೆದ ಅವರ ಕಛೇರಿಯ ಚಿತ್ರಣ ಉಳಿದುಬಂದಿದೆ. ವೇದಿಕೆಯ ಸುತ್ತ ಕುಳಿತ ತರುಣ ತರುಣಿಯರಲ್ಲಿ ಕೆಲವರು ತಲೆದೂಗುತ್ತಿದ್ದಾರೆ, ಕೆಲವರು ಇದೇನು ಗ್ರಹಚಾರವೆಂಬಂತೆ ನೋಡುತ್ತಿದ್ದಾರೆ. ಕೊಳಲಿನ ಧ್ವನಿಯನ್ನು ಷ್ನೈಡರ್ ವಿದ್ಯುತ್ ಉಪಕರಣಗಳಲ್ಲಿ ಹಾಯಿಸಿ ಗುರುತು ಸಿಗದಂತೆ ಮಾಡುತ್ತಿದ್ದರು. ಎಂದರೆ ಕೈ ಇನ್ನೂ ಕಾಣುತ್ತಿತ್ತು; ಕೈಗೂ ಕಿವಿಗೂ ನಡುವೆ ಪೆಟ್ಟಿಗೆಯೊಂದು ಬಂದು ಕುಳಿತಿತ್ತು.

ಇದರ ಮುಂದಿನ ಹೆಜ್ಜೆಯನ್ನು ಹ್ಯೂಟರ್ ಸಂದರ್ಶನಗಳಲ್ಲಿ ವಿವರಿಸಿದ್ದಾರೆ. ೧೯೭೧ರ ಸುಮಾರಿನಲ್ಲಿ, ಡ್ಯುಸೆಲ್‌ಡಾರ್ಫಿನ ಒಂದು ಕಲಾಕೇಂದ್ರದ ಸಮಾರಂಭದಲ್ಲಿ, ತಾಳಯಂತ್ರವನ್ನು ಚಾಲೂ ಮಾಡಿ, ಉಪಕರಣಗಳ ನಾದವನ್ನು ಅದರೊಡನೆ ಮೊಳಗಲು ಬಿಟ್ಟು ಅವರು ವೇದಿಕೆಯಿಂದ ಇಳಿದುಹೋದರಂತೆ. ನೆರೆದ ಜನ ಕುಣಿಯುವುದನ್ನು ನಿಲ್ಲಿಸಲಿಲ್ಲವಂತೆ. ತಾನಿಲ್ಲದಿದ್ದರೂ ನಡೆಯುತ್ತದೆ ಎಂದು ತಿಳಿದಾಗ ಸಾಮಾನ್ಯ ಕಲಾವಿದನಿಗೆ ಅವಮಾನವಾಗುತ್ತದೆ. ಇವರಿಗೆ ಅದರಲ್ಲಿ ದಾರಿ ಕಾಣಿಸಿತು.

ಆ ದಾರಿ ೧೯೭೪ರಲ್ಲಿ 'ಔಟೋಬಾನ್' ಎಂಬ ಧ್ವನಿಮುದ್ರಿಕೆಗೆ ಕರೆದೊಯ್ದಿತು. ಔಟೋಬಾನ್ ಎಂದರೆ ಜರ್ಮನಿಯ ಹೆದ್ದಾರಿ. ಕಾರಿನ ಬಾಗಿಲು ಹಾಕಿಕೊಳ್ಳುವ ಸದ್ದಿನಿಂದ ಮೊದಲಾಗಿ, ತಟ್ಟೆಯ ಒಂದು ಇಡೀ ಮಗ್ಗುಲನ್ನು ತುಂಬುವ ಸುಮಾರು ೨೨ ನಿಮಿಷಗಳ ಪಯಣ ಅದು. ಮೊಟಕುಗೊಳಿಸಿದ ಆವೃತ್ತಿ ೧೯೭೫ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ೨೫ನೆಯ ಸ್ಥಾನಕ್ಕೇರಿತು. ಆ ವರ್ಷ ಮೇಳ ಅಮೆರಿಕದ ಯಾತ್ರೆ ಕೈಗೊಂಡಾಗ ವೋಲ್ಫ್‌ಗಾಂಗ್ ಫ್ಲ್ಯೂರ್, ಕಾರ್ಲ್ ಬಾರ್ಟೋಸ್ ಎಂಬಿಬ್ಬರು ಸೇರಿ ನಾಲ್ವರಾಗಿದ್ದರು.

ಪಾಶ್ಚಾತ್ಯ ಯುವಕರ ಮೇಳಗಳೆಲ್ಲ ಉದ್ದ ಕೂದಲು ಬಿಟ್ಟು, ಅಂಗಿ ಬಿಚ್ಚಿ, ಗಿಟಾರ್ ಒಡೆದು ಕುಣಿಯುತ್ತಿದ್ದ ಕಾಲ ಅದು. ಈ ನಾಲ್ವರಾದರೋ ಕ್ಷೌರ ಮಾಡಿಸಿಕೊಂಡು, ಸೂಟು ತೊಟ್ಟು, ಟೈ ಕಟ್ಟಿ, ಬ್ಯಾಂಕಿನ ಗುಮಾಸ್ತರಂತೆ ಬಂದು ನಿಂತರು. ಪ್ರತಿಯೊಬ್ಬರ ಮುಂದೆಯೂ ಅವರವರ ಹೆಸರನ್ನು ನಿಯಾನ್ ದೀಪದಲ್ಲಿ ಬರೆದಿತ್ತು. ಫ್ಲ್ಯೂರ್ ಮತ್ತು ಬಾರ್ಟೋಸ್ ಬಾರಿಸಿದ್ದು ಚರ್ಮದ ವಾದ್ಯವನ್ನಲ್ಲ. ಹಲಗೆಯೊಂದರ ಮೇಲೆ ಕೂರಿಸಿದ ಲೋಹದ ಬಿಲ್ಲೆಗಳನ್ನು ಲೋಹದ ಕಡ್ಡಿಯಿಂದ ಮುಟ್ಟುತ್ತಿದ್ದರು. ಮುಟ್ಟಿದಾಗ ವಿದ್ಯುತ್ತು ಹರಿದು ತಾಳ ಮೊಳಗುತ್ತಿತ್ತು. ಬೆಳಕಿನ ಕಿರಣಗಳ ಪಂಜರವೊಂದನ್ನು ನಿರ್ಮಿಸಿ, ಒಳಗೆ ನಿಂತು ಬರಿಗೈಯಿಂದ ಕಿರಣವನ್ನು ತಡೆದರೆ ಸದ್ದಾಗುವಂತೆಯೂ ಪ್ರಯತ್ನಿಸಿದರು. ಅದು ಹೆಚ್ಚು ದಿನ ನಡೆಯಲಿಲ್ಲ. ಆದರೆ ಉದ್ದೇಶ ಸ್ಪಷ್ಟ. ನಾದವನ್ನು ಯಂತ್ರಕ್ಕೆ ಒಪ್ಪಿಸಿದ ಮೇಲೂ ಕೈಗೊಂದು ಕೆಲಸ ಬೇಕು, ಕಣ್ಣಿಗೊಂದು ಗುರುತು ಬೇಕು ಎಂದು ಅವರಿಗೆ ಅನ್ನಿಸಿತ್ತು.

ಹೊತ್ತು ತಂದ ಕಾರ್ಯಾಗಾರ

ಡ್ಯುಸೆಲ್‌ಡಾರ್ಫಿನ ರೈಲ್ವೆ ನಿಲ್ದಾಣದ ಬಳಿ, ಮಿಂಟ್ರೋಪ್ ಬೀದಿಯಲ್ಲಿ, ಅವರ ಕಾರ್ಯಾಗಾರವಿತ್ತು. ಹೆಸರು 'ಕ್ಲಿಂಗ್ ಕ್ಲಾಂಗ್'; ನಮ್ಮ 'ಝಣ ಝಣ'ದಂಥ ಅನುಕರಣ ಶಬ್ದ. ೧೯೭೭ರ 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್', ೧೯೭೮ರ 'ಮನುಷ್ಯ-ಯಂತ್ರ', ೧೯೮೧ರ 'ಕಂಪ್ಯೂಟರ್ ಲೋಕ' ಎಂಬ ಧ್ವನಿಮುದ್ರಿಕೆಗಳು ಅಲ್ಲಿ ರೂಪುಗೊಂಡುವು. ಆ ವರ್ಷಗಳಲ್ಲಿ ಅವರು ಕಛೇರಿ ಮಾಡಿದ್ದು ತೀರ ಕಡಿಮೆ. ೧೯೭೬ರ ಯಾತ್ರೆಯ ಬಳಿಕ ೧೯೮೧ರವರೆಗೆ ಯಾತ್ರೆಯೇ ಇಲ್ಲ. ಕಾರಣ ಸರಳ. ಸಂಗೀತ ಹುಟ್ಟುತ್ತಿದ್ದುದು ವಾದ್ಯದಲ್ಲಲ್ಲ, ಕಾರ್ಯಾಗಾರದಲ್ಲಿ. ವೈಣಿಕ ವೀಣೆಯನ್ನು ಹೊತ್ತೊಯ್ಯಬಹುದು; ಇವರು ಏನನ್ನು ಹೊರಬೇಕು?

೧೯೮೧ರಲ್ಲಿ ಅವರು ಕಾರ್ಯಾಗಾರವನ್ನೇ ಹೊತ್ತು ಹೊರಟರು. ಉಪಕರಣಗಳನ್ನೆಲ್ಲ ಕಳಚಿ ಜೋಡಿಸಬಹುದಾದ ಕಪಾಟುಗಳಿಗೆ ಅಳವಡಿಸಿ, ವೇದಿಕೆಯ ಮೇಲೆ ಅಗಲವಾಗಿ ತೆರೆದ ರೆಕ್ಕೆಗಳಂತೆ ನಿಲ್ಲಿಸಿ, ನಡುವೆ ನಾಲ್ವರು ನಿಂತು ನುಡಿಸಿದರು. ಯೂರೋಪಿನ ಪಶ್ಚಿಮ, ಪೂರ್ವಗಳೆರಡರಲ್ಲೂ, ಅಮೆರಿಕದಲ್ಲಿ, ಜಪಾನಿನಲ್ಲಿ, ಆಸ್ಟ್ರೇಲಿಯದಲ್ಲಿ ಆ ಯಾತ್ರೆ ನಡೆಯಿತು. ಭಾರತಕ್ಕೂ ಬಂದು ಬೊಂಬಾಯಿಯಲ್ಲಿ ಅವರು ಕಛೇರಿ ಮಾಡಿದರು. ಮನೆಗೊಂದು ಗಣಕಯಂತ್ರ ಬರುವ ಮಾತಿರಲಿ, ದೂರವಾಣಿಗಾಗಿ ವರ್ಷಗಟ್ಟಲೆ ಸರದಿಯಲ್ಲಿ ಕಾದಿದ್ದ ಆ ಕಾಲದ ನಮ್ಮ ನಗರವೊಂದರಲ್ಲಿ 'ಕಂಪ್ಯೂಟರ್ ಲೋಕ'ದ ಗಾಯನ ನಡೆದುಹೋಯಿತೆಂಬುದು ಇಂದು ನೆನೆದರೆ ವಿಸ್ಮಯವಾಗುತ್ತದೆ.

ಆ ಯಾತ್ರೆಯ ಒಂದು ಸಂಗತಿ ನನಗೆ ಬಹಳ ಮುಖ್ಯವೆಂದು ತೋರುತ್ತದೆ. 'ಜೇಬಿನ ಲೆಕ್ಕಯಂತ್ರ' ಎಂಬ ಹಾಡು ಬಂದಾಗ ನಾಲ್ವರೂ ಕಪಾಟುಗಳನ್ನು ಬಿಟ್ಟು, ಅಂಗೈಯಗಲದ ಉಪಕರಣಗಳನ್ನು ಹಿಡಿದು ವೇದಿಕೆಯ ಅಂಚಿಗೆ ಬರುತ್ತಿದ್ದರು. ಬಗ್ಗಿ, ಮುಂದಿನ ಸಾಲಿನವರ ಮುಂದೆ ಅದನ್ನು ಹಿಡಿದು, ಒತ್ತಿರಿ ಎಂದು ಸನ್ನೆ ಮಾಡುತ್ತಿದ್ದರು. ಶ್ರೋತೃ ಒತ್ತುತ್ತಿದ್ದ, ಸಭಾಂಗಣದ ತುಂಬ ಆ ಸ್ವರ ಮೊಳಗುತ್ತಿತ್ತು. ವಿದ್ವಾಂಸನಿಗೂ ಪಾಮರನಿಗೂ ನಡುವಣ ಗೋಡೆಯನ್ನು ಯಂತ್ರ ಕೆಡವುತ್ತದೆ ಎನ್ನುವುದನ್ನು ಭಾಷಣ ಮಾಡದೆ ತೋರಿಸಿದ ರೀತಿ ಅದು. ಕೈ ಕಾಣದ ಕಛೇರಿಯಲ್ಲಿ ಥಟ್ಟನೆ ಕಂಡ ಕೈ ಕೇಳುಗನದೇ ಆಗಿತ್ತು!

ಇನ್ನೊಂದು ಸಂಗತಿ ಭಾಷೆಯದು. ಕನ್ನಡದ ಮೇಷ್ಟರಾದ ನನಗೆ ಇದು ಕಾಣದಿರುವುದು ಹೇಗೆ? ಇವರು ತಮ್ಮ ಹಾಡುಗಳನ್ನು ಜರ್ಮನಿನಲ್ಲೂ ಇಂಗ್ಲಿಷಿನಲ್ಲೂ ಮುದ್ರಿಸಿದರು. ಈ ಲೆಕ್ಕಯಂತ್ರದ ಹಾಡನ್ನಂತೂ ಫ್ರೆಂಚ್, ಜಪಾನಿ ಭಾಷೆಗಳಲ್ಲೂ ಹಾಡಿದರು. ಯಂತ್ರಕ್ಕೆ ದೇಶವಿಲ್ಲ ಎಂದು ಸಾರುವವರು, ಹೋದ ಊರಿನ ಮಾತಿಗೆ ಬಾಯಿ ತಿರುಗಿಸಿಕೊಳ್ಳುವ ಕಷ್ಟವನ್ನು ತೆಗೆದುಕೊಂಡರು.

ಗೊಂಬೆಗಳ ಮಾತನ್ನೂ ಇಲ್ಲಿ ಹೇಳಬೇಕು. 'ಮನುಷ್ಯ-ಯಂತ್ರ'ದ ಸಮಯದಲ್ಲಿ ನಾಲ್ವರೂ ತಮ್ಮ ಪಡಿಯಚ್ಚಿನಂತಿರುವ ಗೊಂಬೆಗಳನ್ನು ಮಾಡಿಸಿದರು. ೧೯೯೧ರ ಯಾತ್ರೆಯ ಹೊತ್ತಿಗೆ ಆ ಗೊಂಬೆಗಳು ಕೈಯಾಡಿಸತೊಡಗಿದ್ದುವು; 'ರೋಬೋಟ್‌ಗಳು' ಎಂಬ ಹಾಡಿನಲ್ಲಿ ಮನುಷ್ಯರು ಒಳಸರಿದು ಗೊಂಬೆಗಳನ್ನೇ ವೇದಿಕೆಯಲ್ಲಿ ಬಿಡುತ್ತಿದ್ದರು. ರೋಬೋಟ್ ಎಂಬ ಮಾತು ಕರೆಲ್ ಚಪೆಕ್ ೧೯೨೦ರಲ್ಲಿ ಬರೆದ ಚೆಕ್ ನಾಟಕದಿಂದ ಲೋಕಕ್ಕೆ ಹರಡಿತು. ಅದರ ಮೂಲದಲ್ಲಿರುವ ಪದಕ್ಕೆ ನಮ್ಮ 'ಬಿಟ್ಟಿ ಚಾಕರಿ' ಎಂಬುದು ಸರಿಸುಮಾರಾದ ಅರ್ಥ. ನಮ್ಮ ಸೂತ್ರದ ಗೊಂಬೆಯಾಟದಲ್ಲಿ ಗೊಂಬೆ ಮುಂದೆ, ಮನುಷ್ಯ ಹಿಂದೆ. ದಾರ ಯಾರೋ ಹಿಡಿದಿದ್ದಾರೆಂಬುದು ಮಕ್ಕಳಿಗೂ ಗೊತ್ತು. ಇವರ ಆಟದಲ್ಲಿ ಮನುಷ್ಯರು ಗೊಂಬೆಗಳಂತೆ ಅಲುಗದೆ ನಿಲ್ಲುತ್ತಾರೆ, ಗೊಂಬೆಗಳು ಮನುಷ್ಯರಂತೆ ಅಲುಗುತ್ತವೆ. ದಾರ ಯಾರ ಕೈಯಲ್ಲಿದೆ ಎಂಬುದನ್ನು ನೋಡುವವರೇ ನಿಶ್ಚಯಿಸಬೇಕು.

ಅವರ ಪ್ರಭಾವವನ್ನು ಕುರಿತು ಒಂದು ಮಾತು ಸಾಕು. ೧೯೮೨ರಲ್ಲಿ ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ಇವರ ರಾಗವನ್ನೂ ತಾಳವನ್ನೂ ಎತ್ತಿಕೊಂಡು ತಮ್ಮ ಪ್ರಸಿದ್ಧ ಕೃತಿಯನ್ನು ಕಟ್ಟಿದರು. ಡೆಟ್ರಾಯಿಟ್ ನಗರದ ನೀಗ್ರೋ ಸಂತತಿಯ ತರುಣರು 'ಟೆಕ್ನೋ' ಎಂಬ ಹೊಸ ಪಂಥವನ್ನೇ ಹುಟ್ಟುಹಾಕಿದರು. ಬಿಗುವಾಗಿ ನಿಂತ ನಾಲ್ವರು ಜರ್ಮನರು ಲೋಕವನ್ನೇ ಕುಣಿಸಿದರು.

ಬದಲಾದ ಒಂದು ಹಾಡು

ಇಷ್ಟನ್ನೆಲ್ಲ ಕೇಳಿದ ಮೇಲೂ ನನ್ನ ಸಹೋದ್ಯೋಗಿಗಳು ತಮ್ಮ ಪ್ರಶ್ನೆಯನ್ನು ಬಿಟ್ಟುಕೊಡಲಿಕ್ಕಿಲ್ಲ. “ಗೊಂಬೆ, ದೀಪ, ಕಪಾಟು ಎಲ್ಲ ಸರಿ. ಸಂಗೀತದಲ್ಲಿ ವ್ಯತ್ಯಾಸವೇನು?” ಎಂದಾರು. ಅದಕ್ಕೆ ಒಂದೇ ಹಾಡಿನ ಚರಿತ್ರೆಯನ್ನು ಉತ್ತರವಾಗಿ ಕೊಡುತ್ತೇನೆ.

೧೯೭೫ರಲ್ಲಿ 'ರೇಡಿಯೋ-ಆಕ್ಟಿವಿಟಿ' ಎಂಬ ಧ್ವನಿಮುದ್ರಿಕೆ ಹೊರಬಂತು. ಹೆಸರಿನಲ್ಲೇ ಶ್ಲೇಷೆ: ರೇಡಿಯೋ ಪ್ರಸಾರದ ಚಟುವಟಿಕೆ ಎಂದೂ ಆಗುತ್ತದೆ, ಅಣುವಿಕಿರಣ ಎಂದೂ ಆಗುತ್ತದೆ. ಹೊದಿಕೆಯ ಮೇಲೆ ೧೯೩೦ರ ದಶಕದ ಜರ್ಮನ್ ರೇಡಿಯೋ ಪೆಟ್ಟಿಗೆಯ ಚಿತ್ರ; ಹಾಡಿನಲ್ಲಿ ಮೇರಿ ಕ್ಯೂರಿಯ ಹೆಸರು. ಆ ಹಾಡು ವಿಕಿರಣವನ್ನು ಹೊಗಳುವುದಿಲ್ಲ, ತೆಗಳುವುದಿಲ್ಲ. ಗಾಳಿಯಲ್ಲಿ ಕಾಣದೆ ಹರಡುವ ಎರಡು ಬಗೆಯ ಅಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ತಟಸ್ಥವಾಗಿ ನೋಡುತ್ತದೆ. ೧೯೭೫ರಲ್ಲಿ ಅಂಥ ತಾಟಸ್ಥ್ಯ ಸಾಧ್ಯವಿತ್ತು.

೧೯೭೯ರಲ್ಲಿ ಅಮೆರಿಕದ ಹ್ಯಾರಿಸ್‌ಬರ್ಗ್ ಬಳಿಯ ಅಣುಸ್ಥಾವರದಲ್ಲಿ ಅಪಘಾತವಾಯಿತು. ೧೯೮೬ರಲ್ಲಿ ಚೆರ್ನೋಬಿಲ್ ಸಂಭವಿಸಿತು. ಅದರ ಧೂಳು ಗಾಳಿಯಲ್ಲಿ ತೇಲಿ ಜರ್ಮನಿಯ ಹೊಲಗಳ ಮೇಲೂ ಇಳಿಯಿತು. ೧೯೯೧ರಲ್ಲಿ ಮೇಳದವರು ಹಳೆಯ ಹಾಡುಗಳನ್ನು ಹೊಸದಾಗಿ ಕಟ್ಟಿದಾಗ ಈ ಹಾಡು ತನ್ನ ತಾಟಸ್ಥ್ಯವನ್ನು ಬಿಟ್ಟಿತು. ಚೆರ್ನೋಬಿಲ್, ಹ್ಯಾರಿಸ್‌ಬರ್ಗ್, ಸೆಲ್ಲಾಫೀಲ್ಡ್, ಹಿರೋಷಿಮಾ ಎಂಬ ನಾಲ್ಕು ಊರುಗಳ ಹೆಸರು ಅದರಲ್ಲಿ ಬಂದು ಸೇರಿದುವು. ಹೆಸರಿನ ಮುಂದೆ 'ನಿಲ್ಲಿಸಿ' ಎಂಬರ್ಥದ ಒಂದು ಪದ ಸೇರಿತು. ಒಂದೇ ಪದ, ಹಾಡಿನ ಅರ್ಥವೆಲ್ಲ ತಿರುಗಿತು.

೧೯೯೨ರ ಜೂನಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, ಸೆಲ್ಲಾಫೀಲ್ಡ್ ಸ್ಥಾವರದ ವಿಸ್ತರಣೆಯನ್ನು ವಿರೋಧಿಸಿ ಗ್ರೀನ್‌ಪೀಸ್ ಸಂಸ್ಥೆ ಏರ್ಪಡಿಸಿದ ಕಛೇರಿಯಲ್ಲಿ ಯೂ-ಟೂ ಮೊದಲಾದ ಮೇಳಗಳೊಡನೆ ಇವರೂ ನಿಂತು ಅದನ್ನು ಹಾಡಿದರು. ಮುಂದೆ ೨೦೧೧ರ ಮಾರ್ಚಿನಲ್ಲಿ ಜಪಾನಿನ ಫುಕುಷಿಮಾದಲ್ಲಿ ಸುನಾಮಿ ಬಂದು ಸ್ಥಾವರ ಸಿಡಿಯಿತು. ೨೦೧೨ರ ಜುಲೈನಲ್ಲಿ ಜಪಾನಿನ ಸಂಗೀತಗಾರ ರ್ಯುಯಿಚಿ ಸಕಾಮೊಟೊ ಟೋಕಿಯೋ ಸಮೀಪದಲ್ಲಿ ಅಣುವಿದ್ಯುತ್ತಿನ ವಿರುದ್ಧ ಸಂಗೀತೋತ್ಸವವೊಂದನ್ನು ನಡೆಸಿದರು. ಕ್ರಾಫ್ಟ್‌ವರ್ಕ್ ಅಲ್ಲಿಗೆ ಹೋಗಿ, ಸಕಾಮೊಟೊ ಅವರ ನೆರವಿನಿಂದ ಸಿದ್ಧಪಡಿಸಿದ ಜಪಾನಿ ಮಾತುಗಳಲ್ಲಿ ಈ ಹಾಡನ್ನು ಹಾಡಿತು. ಹಿರೋಷಿಮಾ ಇದ್ದ ಜಾಗಕ್ಕೆ ಫುಕುಷಿಮಾ ಬಂತು.

ವಾಚಕರು ಗಮನಿಸಬೇಕು. ೧೯೭೫ರ ತಟ್ಟೆಯನ್ನು ಇಂದು ಹಾಕಿದರೂ ಅದು ೧೯೭೫ರ ಮಾತನ್ನೇ ಆಡುತ್ತದೆ. ಅದು ಚೆರ್ನೋಬಿಲ್ಲನ್ನು ಅರಿಯದು, ಫುಕುಷಿಮಾವನ್ನು ಅರಿಯದು. ಮುದ್ರಿತವಾದುದು ಮನಸ್ಸನ್ನು ಬದಲಾಯಿಸಿಕೊಳ್ಳಲಾರದು. ಬದಲಾಯಿಸಿಕೊಳ್ಳಬಲ್ಲವನು ಎದುರಿಗೆ ನಿಂತ ಮನುಷ್ಯ. ಕೈ ಕಾಣದಿರಲಿ, ಬೆವರು ಕಾಣದಿರಲಿ. ಹಾಡಿದವನು ಹಾಡಿದ ಮಾತಿಗೆ ಜವಾಬ್ದಾರನಾಗಿ ನಮ್ಮೆದುರು ನಿಂತಿದ್ದಾನೆ. ಕಲೋನಿನ ಬರಿಯ ವೇದಿಕೆಯಲ್ಲಿ ಇಲ್ಲದಿದ್ದುದು ಇದು.

ಡ್ಯುಸೆಲ್‌ಡಾರ್ಫಿನ ಸಂಜೆ

ನಾನು ಕಂಡ ಕಛೇರಿ ನಡೆದುದು ೨೦೧೭ರ ಜುಲೈ ೧ರಂದು, ಅವರ ಸ್ವಂತ ಊರಾದ ಡ್ಯುಸೆಲ್‌ಡಾರ್ಫಿನಲ್ಲಿ. ಕಲೋನಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದವನಿಗೆ ಅದು ಒದಗಿಬಂದ ಭಾಗ್ಯ. ಫ್ರಾನ್ಸಿನ ಪ್ರಖ್ಯಾತ ಸೈಕಲ್ ಪಂದ್ಯ 'ಟೂರ್ ದ ಫ್ರಾನ್ಸ್' ಆ ವರ್ಷ ಡ್ಯುಸೆಲ್‌ಡಾರ್ಫಿನಿಂದ ಹೊರಟಿತ್ತು. ಆ ಪಂದ್ಯವನ್ನು ಕುರಿತು ೧೯೮೩ರಲ್ಲಿ ಒಂದು ಹಾಡನ್ನೂ ೨೦೦೩ರಲ್ಲಿ ಒಂದು ಇಡೀ ಧ್ವನಿಮುದ್ರಿಕೆಯನ್ನೂ ಮಾಡಿದ ಮೇಳ ಇದು. ಹ್ಯೂಟರ್ ಅವರ ಸೈಕಲ್ ಹುಚ್ಚು ಲೋಕವಿದಿತ. ಊರಿನವರು ಕರೆಯದಿರುವುದುಂಟೆ?

ಹಗಲೆಲ್ಲ ಮಳೆ. ೧೪ ಕಿಲೋಮೀಟರ್ ದೂರದ ಮೊದಲ ದಿನದ ಓಟದಲ್ಲಿ ಸವಾರರು ಜಾರಿ ಬೀಳುತ್ತಿದ್ದರು. ಸ್ಪೇನಿನ ವಾಲ್ವರ್ದೆ ಮಂಡಿ ಮುರಿದುಕೊಂಡು ಪಂದ್ಯವನ್ನೇ ಬಿಡಬೇಕಾಯಿತು. ಸಂಜೆ ರೈನ್ ದಂಡೆಯ ಏರನ್‌ಹೋಫ್ ಎಂಬಲ್ಲಿ, ೧೯೨೬ರ ವಸ್ತುಪ್ರದರ್ಶನಕ್ಕೆಂದು ಕಟ್ಟಿದ ಇಟ್ಟಿಗೆಯ ಸೌಧಗಳ ನಡುವಣ ಬಯಲಿನಲ್ಲಿ ಜನ ನೆರೆದರು. ಪ್ರವೇಶದಲ್ಲಿ ಎಲ್ಲರಿಗೂ ಕಾಗದದ ಚೌಕಟ್ಟಿನ ಕನ್ನಡಕ ಕೊಟ್ಟರು. ಹಿಂದಿನ ಪರದೆಯ ಚಿತ್ರಗಳು ಅದರ ಮೂಲಕ ಉಬ್ಬಿ ಕಾಣುತ್ತಿದ್ದುವು. ಅಜ್ಜಂದಿರೂ ಮೊಮ್ಮಕ್ಕಳೂ ಒಂದೇ ಬಗೆಯ ಕಾಗದದ ಕನ್ನಡಕ ಹಾಕಿಕೊಂಡು ನಿಂತ ನೋಟ ಸ್ವಲ್ಪ ನಗು ತರಿಸುವಂತಿತ್ತು. ನನ್ನ ಮೂಗಿನ ಮೇಲೂ ಅದೇ ಇತ್ತೆನ್ನಿ.

ನಾಲ್ಕು ಮೇಜುಗಳು, ಅವುಗಳ ಹಿಂದೆ ಗೆರೆಗೆರೆಯ ಉಡುಪು ತೊಟ್ಟ ನಾಲ್ವರು. ಎಡತುದಿಯಲ್ಲಿ ಹ್ಯೂಟರ್, ಆಗ ಅವರಿಗೆ ಎಪ್ಪತ್ತು ವರ್ಷ. ಮೇಜಿನ ಹಿಂದೆ ಕೈ ಏನು ಮ���ಡುತ್ತಿದೆಯೋ ನಮಗೆ ಕಾಣದು. ಹಾಡಂತೂ ಅವರ ಸ್ವಂತ ಕಂಠದ್ದು, ಎತ್ತರಿಸದ, ಬಹುಮಟ್ಟಿಗೆ ಮಾತಿಗೆ ಹತ್ತಿರವಾದ ಕಂಠ. ಮುಖದಲ್ಲಿ ಭಾವವಿಲ್ಲ. ಆದರೆ ಒಂದು ಮೊಣಕಾಲು ಮಾತ್ರ ತಾಳಕ್ಕೆ ಸರಿಯಾಗಿ ಅಲುಗುತ್ತಲೇ ಇತ್ತು! ಆ ಮೊಣಕಾಲನ್ನು ಕಂಡಮೇಲೆ ನನ್ನ ಕಣ್ಣು ಪರದೆಯ ಚಿತ್ರವೈಭವದ ಕಡೆಗೆ ಅಷ್ಟಾಗಿ ಹೋಗಲಿಲ್ಲ. ಹೆದ್ದಾರಿಯಲ್ಲಿ ಕಾರು ಓಡಿತು. ಕೃತಕ ಉಪಗ್ರಹದ ಕಡ್ಡಿಯೊಂದು ನಮ್ಮ ಮೂಗಿನ ತನಕ ಚಾಚಿ ಬಂದಾಗ ಸಾವಿರಾರು ಜನ ಒಟ್ಟಿಗೆ ಹಿಂದಕ್ಕೆ ಬಾಗಿದರು. ಅದೆಲ್ಲ ಸೊಗಸೇ. ಆದರೂ ಯಂತ್ರದಂತೆ ನಿಲ್ಲಲು ಅಷ್ಟೊಂದು ಶ್ರಮಪಟ್ಟ ದೇಹದಲ್ಲಿ ನಿಲ್ಲಿಸಲಾಗದೆ ಉಳಿದ ಆ ಒಂದು ಚಲನೆ ನನಗೆ ಎಲ್ಲಕ್ಕಿಂತ ಪ್ರಿಯವಾಯಿತು.

ಬಳಿಕ ಆ ಹಾಡು ಬಂತು. ಪರದೆಯ ಮೇಲೆ ವಿಕಿರಣದ ಎಚ್ಚರಿಕೆಯ ಮುದ್ರೆ, ಒಂದಾದ ಮೇಲೊಂದು ಊರಿನ ಹೆಸರು. ಕೊಣೆತ ನಿಂತಿತು. ಜಪಾನಿ ಮಾತು ಕೇಳಿಸಿದಾಗ ಆ ಜರ್ಮನ್ ಜನಸ್ತೋಮದಲ್ಲಿ ಅದು ಎಷ್ಟು ಜನಕ್ಕೆ ಅರ್ಥವಾಗಿರಬೇಕು? ಆದರೆ ಏತಕ್ಕಾಗಿ ಹಾಡುತ್ತಿದ್ದಾರೆಂಬುದು ಎಲ್ಲರಿಗೂ ಅರ್ಥವಾಯಿತು. ನನಗೆ ಕೈಗಾ ನೆನಪಾಯಿತು. ಪರಿಸರದ ಮಾತನ್ನು ಮುಂದಿಟ್ಟುಕೊಂಡು, ಇಳಿವಯಸ್ಸಿನಲ್ಲಿ, ೧೯೮೯ರ ಲೋಕಸಭಾ ಚುನಾವಣೆಗೆ ನಿಂತು ಸೋತ ಶಿವರಾಮ ಕಾರಂತರು ನೆನಪಾದರು. ಅಣುವಿದ್ಯುತ್ತು ಬೇಕೆ ಬೇಡವೆ ಎಂಬುದರಲ್ಲಿ ತಿಳಿದವರಲ್ಲೂ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಇಲ್ಲಿಯದಲ್ಲ. ಕಲಾವಿದ ತನ್ನ ಮಾತಿನ ಹಿಂದೆ ತಾನೇ ಬಂದು ನಿಲ್ಲುವುದನ್ನು ಆ ಸಂಜೆ ಕಂಡೆ ಎಂಬುದಷ್ಟೇ ನಾನು ಹೇಳಬೇಕಾದುದು.

ಕೊನೆಯ ಹಾಡಿನಲ್ಲಿ ಒಬ್ಬೊಬ್ಬರೇ ತಮ್ಮ ಭಾಗವನ್ನು ನುಡಿಸಿ, ಪಕ್ಕಕ್ಕೆ ನಡೆದು, ತಲೆಬಾಗಿ ನಿಷ್ಕ್ರಮಿಸಿದರು. ಕಟ್ಟಕಡೆಗೆ ಹ್ಯೂಟರ್. ಅವರು ಹೋದ ಮೇಲೂ ತಾಳ ಸ್ವಲ್ಪ ಹೊತ್ತು ಮೊಳಗುತ್ತಿತ್ತು. ೧೯೭೧ರ ಕಲಾಕೇಂದ್ರದ ಪ್ರಸಂಗವೇ ಇದು, ಒಂದು ವ್ಯತ್ಯಾಸವಿತ್ತು. ಅಂದು ಅವರು ಎದ್ದುಹೋದಾಗ ಜನ ಕುಣಿಯುತ್ತಲೇ ಇದ್ದರು. ಇಂದು ಜನ ಕುಣಿತ ಬಿಟ್ಟು, ಖಾಲಿಯಾದ ಮೇಜುಗಳ ಕಡೆಗೆ ಮುಖಮಾಡಿ ಚಪ್ಪಾಳೆ ತಟ್ಟಿದರು.

ಉಳಿದ ಮಾತು

ಇದಕ್ಕೆ ಎದುರುಪಕ್ಷವಿಲ್ಲವೆಂದಲ್ಲ. ೨೦೦೩ರ ಬಳಿಕ ಈ ಮೇಳ ಹೊಸ ಹಾಡುಗಳ ಧ್ವನಿಮುದ್ರಿಕೆಯನ್ನು ತಂದಿಲ್ಲ. ೨೦೧೨ರ ಏಪ್ರಿಲ್ಲಿನಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಎಂಟು ರಾತ್ರಿ ಎಂಟು ಧ್ವನಿಮುದ್ರಿಕೆಗಳನ್ನು ಸಾಲಾಗಿ ನುಡಿಸಿದರು. ಮರುವರ್ಷ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲೂ ಹಾಗೆಯೇ. ಭವಿಷ್ಯವನ್ನು ಹಾಡಿದವರು ವಸ್ತುಸಂಗ್ರಹಾಲಯ ಸೇರಿದರಲ್ಲ ಎಂದು ನಕ್ಕವರಿದ್ದಾರೆ. ನಗು ಪೂರ್ತಿ ಅನ್ಯಾಯವಲ್ಲ. ಆದರೆ ಹಳೆಯ ಕೃತಿಯನ್ನು ಮತ್ತೆ ಮತ್ತೆ ಹಾಡುವುದೇ ದೋಷವಾದರೆ ತ್ಯಾಗರಾಜರ ಪಂಚರತ್ನಗಳನ್ನು ವರ್ಷವರ್ಷವೂ ಹಾಡುವ ನಾವು ಏನು ಹೇಳಬೇಕು? ಕೃತಿ ಹಳೆಯದಾಗಿರಬಹುದು, ಈ ಹೊತ್ತಿನಲ್ಲಿ, ಈ ಜನರ ಮುಂದೆ ಹಾಡುವಾಗ ಅದಕ್ಕೆ ಈ ಹೊತ್ತಿನ ಅರಿವು ತಟ್ಟಿದೆಯೆ ಎಂಬುದೇ ಪ್ರಶ್ನೆ.

ನಮ್ಮ ಕಛೇರಿಗಳಿಗೂ ಯಂತ್ರ ಬಂದಾಗಿದೆ. ೧೯೭೦ರ ದಶಕದ ಕೊನೆಯಲ್ಲಿ, ಈ ಜರ್ಮನರು 'ಮನುಷ್ಯ-ಯಂತ್ರ'ವನ್ನು ಹಾಡುತ್ತಿದ್ದ ಕಾಲದಲ್ಲೇ, ಬೆಂಗಳೂರಿನಲ್ಲಿ ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ವಿದ್ಯುನ್ಮಾನ ಶ್ರುತಿಪೆಟ್ಟಿಗೆಯನ್ನು ರೂಪಿಸಿದರು. ಇಂದು ಅದು ಇಲ್ಲದ ಕಛೇರಿ ಅಪರೂಪ. ಆದರೂ ಪೆಟ್ಟಿಗೆ ಒಳಗೊಳಗೇ ಶ್ರುತಿ ಹಿಡಿದಿರುವಾಗಲೂ ಎಷ್ಟೋ ವಿದ್ವಾಂಸರು ಹಿಂದೆ ತಂಬೂರಿ ಹಿಡಿದ ಶಿಷ್ಯನೊಬ್ಬನನ್ನು ಕೂರಿಸಿಕೊಳ್ಳುತ್ತಾರೆ. ಅದು ಬರಿಯ ಅಲಂಕಾರವಲ್ಲ. ಶ್ರುತಿಗೂ ಒಬ್ಬ ಹೊಣೆಗಾರ ಬೇಕೆಂಬ ಹಳೆಯ ತಿಳಿವಳಿಕೆ ಅದು.

ಫ್ಲೋರಿಯನ್ ಷ್ನೈಡರ್ ೨೦೦೬ರ ಬಳಿಕ ಮೇಳದೊಡನೆ ವೇದಿಕೆ ಏರಲಿಲ್ಲ. ಅವರು ಬಿಟ್ಟುಹೋದರೆಂಬ ಸುದ್ದಿ ೨೦೦೯ರ ಜನವರಿಯಲ್ಲಿ ಹೊರಬಂತು. ೨೦೨೦ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡರು. ಅವರ ಮೇಜಿನ ಹಿಂದೆ ಬೇರೊಬ್ಬರು ನಿಂತರು, ಹಾಡು ನಿಲ್ಲಲಿಲ್ಲ. ಯಂತ್ರದ ಗುಣವೇ ಅದು. ಬಿಡಿಭಾಗ ಬದಲಾಯಿಸಿದರೆ ಓಡುತ್ತದೆ. ಆದರೆ ಕೊಳಲನ್ನು ಯಂತ್ರಕ್ಕೆ ಉಣಿಸಿದ ಆ ಮೊದಲ ಉಸಿರು ಮತ್ತೆ ಬರಲಿಲ್ಲ. ಮುಂದೊಂದು ದಿನ ಹ್ಯೂಟರ್ ಅವರ ಜಾಗವೂ ತೆರವಾಗುತ್ತದೆ. ಆಗ ಗೊಂಬೆಗಳನ್ನೇ ನಿಲ್ಲಿಸಿ ಕಛೇರಿ ನಡೆಸಬಹುದು. ಸ್ವರ ಒಂದೂ ತಪ್ಪಲಾರದು.

೨೦೨೩ರ ಏಪ್ರಿಲ್ ೧೫ರಂದು ಜರ್ಮನಿ ತನ್ನ ಕೊನೆಯ ಮೂರು ಅಣುವಿದ್ಯುತ್ ಸ್ಥಾವರಗಳನ್ನು ನಿಲ್ಲಿಸಿತು. ಹಾಡೊಂದರಿಂದ ಅದು ಆಯಿತೆಂದು ಯಾರೂ ಹೇಳುವುದಿಲ್ಲ, ಹೇಳಬಾರದು. ಆದರೆ ಆ ಹಾಡಿನ ಊರುಗಳ ಪಟ್ಟಿ ಇನ್ನೂ ಬೆಳೆಯಬಹುದೆಂಬ ಭಯ ಲೋಕದಿಂದ ಹೋಗಿಲ್ಲ. ಹಾಗೇನಾದರೂ ಬೆಳೆಯಬೇಕಾಗಿ ಬಂದರೆ, ಹೊಸ ಹೆಸರನ್ನು ಸೇರಿಸಬೇಕೆಂದು ಗೊಂಬೆಗೆ ತಾನಾಗಿ ತೋಚುವುದಿಲ್ಲ. ಅದಕ್ಕೆ ಪತ್ರಿಕೆ ಓದುವ, ರಾತ್ರಿ ನಿದ್ದೆ ಕೆಡುವ, ಮಾರನೆಯ ದಿನ ಜನರೆದುರು ಬಂದು ನಿಲ್ಲುವ ಒಬ್ಬ ಮನುಷ್ಯ ಬೇಕು.